ಮಿಲ್ಲಿನಲ್ಲಿ ಬೆರಳು ಹೋಯಿತು, ಮಾಲೀಕರು ಬಾಂಡ್ ಪೇಪರಿಗೆ ಸಹಿ ಕೇಳುತ್ತಿದ್ದಾರೆ. ಏನು ಮಾಡಬೇಕು?

ಪ್ರಶ್ನೆ: ನನ್ನ ತಮ್ಮನಿಗೆ 30 ವರ್ಷ. ಕಾರಟಗಿಯ ಒಂದು ಅಕ್ಕಿ ಮಿಲ್ಲಿನಲ್ಲಿ ತಿಂಗಳಿಗೆ 14,000 ಸಂಬಳಕ್ಕೆ ಇದ್ದ. 2025ರ ಆಗಸ್ಟ್‌ನಲ್ಲಿ ಧಾನ್ಯ ಮೇಲೆತ್ತುವ ಎಲಿವೇಟರ್ ಬೆಲ್ಟಿಗೆ ಬಲಗೈ ಸಿಕ್ಕಿ ಎರಡು ಬೆರಳು ಪೂರ್ತಿ ತೆಗೆಯಬೇಕಾಯಿತು. ಆಸ್ಪತ್ರೆ ಬಿಲ್ ಮಾಲೀಕರೇ ಕಟ್ಟಿದರು. ಮೂರು ತಿಂಗಳು ಮನೆಯಲ್ಲಿದ್ದ, ಆ ಸಂಬಳ ಬಂದಿಲ್ಲ. ಈಗ 50,000 ತಗೊಂಡು ಬಾಂಡ್ ಪೇಪರಿಗೆ ಸಹಿ ಹಾಕು ಅನ್ನುತ್ತಿದ್ದಾರೆ. ಹಾಕಬಹುದಾ?

ಉತ್ತರ:

ಬೇಡ. ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಬೇಡ ಅಂತ ತಮ್ಮನಿಗೆ ಹೇಳಿ. ನಾನು ಸಿಂಧನೂರು ಕಡೆಯ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದವನು. ಇಂಥ ಬಾಂಡ್ ಯಾಕೆ ಬರೆಸುತ್ತಾರೆ ಅಂತ ಚೆನ್ನಾಗಿ ಗೊತ್ತು. ಪರಿಹಾರದ ಹಕ್ಕನ್ನೇ ಬಿಟ್ಟುಕೊಡುವ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೂ ಬರೆಸುತ್ತಾರೆ. ಸಹಿ ಹಾಕಿದವನು ಆಮೇಲೆ ಕೋರ್ಟಿಗೆ ಹೋಗಲು ಹಿಂಜರಿಯುತ್ತಾನೆ, ಅವರಿಗೆ ಅಷ್ಟು ಸಾಕು.

ಮೊದಲು ನೋಡಬೇಕಾದ್ದು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆಯೋ ಇಲ್ಲವೋ ಅಂತ. ಸಂಬಳ 21,000ದೊಳಗೆ ಇದ್ದು, ಮಿಲ್ಲಿನಲ್ಲಿ ಹತ್ತು ಜನಕ್ಕಿಂತ ಕಡಿಮೆ ಇಲ್ಲದಿದ್ದರೆ, ಇಎಸ್‌ಐ ಜಾರಿಯಲ್ಲಿರುವ ಕಡೆ ಇರಲೇಬೇಕು. ಕಾರ್ಮಿಕನ ಪಾಲು ಶೇ. 0.75, ಅಂದರೆ ಇವರ ಸಂಬಳದಲ್ಲಿ ತಿಂಗಳಿಗೆ 105 ರೂಪಾಯಿ ಕಟ್ ಆಗುತ್ತಿರಬೇಕು. ಕಟ್ ಆಗಿದ್ದರೆ ಮನೆಯಲ್ಲಿ ಕೂತ ದಿನಗಳಿಗೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅನ್ನೋ ಷರತ್ತಿಲ್ಲ. ಅದನ್ನೇ ಸುಮ್ನೆ ಕಾಯಿಲೆ ಅಂತ ತೋರಿಸಿದರೆ ಶೇ. 70 ಮಾತ್ರ, ಮೇಲೆ ಕಂತಿನ ಷರತ್ತು ಬೇರೆ. ಬೆರಳು ಹೋದದ್ದಕ್ಕೆ ಮೆಡಿಕಲ್ ಬೋರ್ಡ್ ಶೇಕಡಾವಾರು ನಿಗದಿ ಮಾಡಿ, ಅದರ ಪ್ರಕಾರ ಹಣ ಕೊಡುತ್ತಾರೆ. ಮಾಲೀಕರು ಹೆಸರೇ ಸೇರಿಸಿರಲಿಲ್ಲವಾದರೂ ಇಎಸ್‌ಐ ಕಚೇರಿಯಲ್ಲಿ ವಿಚಾರಿಸಿ. ಕಾರ್ಮಿಕನಿಗೆ ಕೊಡಬೇಕಾದ್ದನ್ನು ಕೊಟ್ಟು ಮಾಲೀಕರಿಂದ ವಸೂಲಿ ಮಾಡುವ ಅಧಿಕಾರ ಅವರಿಗಿದೆ.

ಇಎಸ್‌ಐ ಇಲ್ಲದಿದ್ದರೆ 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಆದರೆ ನಿಮ್ಮ ಅಪಘಾತ ಅದಕ್ಕೂ ಮುಂಚಿನದು. ಲೆಕ್ಕ ಹೀಗೆ: ಸಂಬಳದ ಶೇ. 60 ಅಂದರೆ 8,400. ಮೂವತ್ತು ವರ್ಷದವರಿಗೆ ಕೋಷ್ಟಕದಲ್ಲಿರುವ ಸಂಖ್ಯೆ 207.98. ಗುಣಿಸಿದರೆ 17,47,032. ಒಂದೇ ಕೈಯ ಎರಡು ಬೆರಳು ಹೋದರೆ ಅದರಲ್ಲಿ ಶೇ. 20, ಅಂದರೆ ಸುಮಾರು 3,49,400 ರೂಪಾಯಿ. ಅವರು ಹೇಳುತ್ತಿರುವುದು 50,000! ಕೆಲಸಕ್ಕೆ ಹೋಗಲಾಗದ ತಿಂಗಳುಗಳಿಗೆ ಹದಿನೈದು ದಿನಕ್ಕೊಮ್ಮೆ ಸಂಬಳದ ಶೇ. 25, ಅಂದರೆ 3,500 ಕೊಡಬೇಕಿತ್ತು. ಕೊಟ್ಟಿದ್ದರೆ ಅದನ್ನು ಆಮೇಲಿನ ದೊಡ್ಡ ಮೊತ್ತದಲ್ಲಿ ಮುರಿದುಕೊಳ್ಳಬಹುದು. ಆಸ್ಪತ್ರೆ ಖರ್ಚನ್ನು ಮಾತ್ರ ಮುರಿಯುವ ಹಾಗಿಲ್ಲ. ಅದು ಬೇರೆ, ಪರಿಹಾರ ಬೇರೆ. "ಬಿಲ್ ಕಟ್ಟಿದ್ದೀವಲ್ಲ" ಅನ್ನುವುದು ಉತ್ತರವೇ ಅಲ್ಲ. ಹಣ ಕೊಡಬೇಕಾದ ದಿನದಿಂದ ಒಂದು ತಿಂಗಳು ಮೀರಿದರೆ ಶೇ. 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ಎಳೆದರೆ ಪರಿಹಾರದ ಅರ್ಧದವರೆಗೆ ದಂಡವೂ ಬೀಳಬಹುದು.

ರಜೆ ಸಂಬಳದ ವಿಷಯ ಬೇಗ ಮುಗಿಸುತ್ತೇನೆ. ಗಾಯ ಆದವರಿಗೆ ಪೂರ್ತಿ ಸಂಬಳದ ಪ್ರತ್ಯೇಕ ರಜೆ ಕೊಡಬೇಕು ಅಂತ ಅಪಘಾತ ಆದಾಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯಲ್ಲಿ ಇರಲಿಲ್ಲ. ಇದ್ದದ್ದು ಗಳಿಕೆ ರಜೆ: ವರ್ಷಕ್ಕೆ 240 ದಿನ ದುಡಿದವರಿಗೆ 20 ದಿನಕ್ಕೆ ಒಂದು. ಇಎಸ್‌ಐ ಇದ್ದರೆ ಮನೆಯಲ್ಲಿ ಕೂತ ದಿನಗಳನ್ನು ಹಾಜರಿ ಪುಸ್ತಕದಲ್ಲಿ ಗಳಿಕೆ ರಜೆ ಅಂತ ಬರೆಸಬೇಡಿ. ಸಂಬಳ ಬರುವ ರಜೆಯ ದಿನಕ್ಕೆ ಇಎಸ್‌ಐ ಹಣ ಬರುವುದಿಲ್ಲ. ಅಲ್ಲಿಗೆ ರಜೆಯೂ ಕರಗಿತು, ಆ ಹಣವೂ ಹೋಯಿತು.

ಇನ್ನು ನಿಜವಾದ ಜಗಳ ಇರುವ ಜಾಗ ಬೇರೆ. ಆಸ್ಪತ್ರೆಯ ಕೇಸ್ ಶೀಟ್ ನೋಡಿದ್ದೀರಾ? ರಾತ್ರಿ ಪಾಳಿಯಲ್ಲಿ ಕೈ ಸಿಕ್ಕರೆ ಜೊತೆಗೆ ಹೋಗುವವರು ಮಿಲ್ಲಿನ ಕಡೆಯವರೇ ಅಲ್ವಾ? ಪೊಲೀಸ್ ಕೇಸ್ ಬೇಡ ಅಂತ "ಮನೆಯಲ್ಲಿ ಮೇವು ಕತ್ತರಿಸುವ ಮಷೀನಿಗೆ ಸಿಕ್ಕಿತು" ಅಂತ ಬರೆಸಿಬಿಡುತ್ತಾರೆ. ನೋವಿನಲ್ಲಿ ಇರುವವನಿಗೆ ಏನು ಬರೆದರು ಅಂತಲೂ ಗೊತ್ತಾಗುವುದಿಲ್ಲ. ತಿಂಗಳುಗಳ ನಂತರ ಆ ಒಂದು ಸಾಲೇ ಎದುರು ನಿಲ್ಲುತ್ತದೆ. ಕೇಸ್ ಶೀಟ್ ಪ್ರತಿಗೆ ಬರೆದು ಕೊಟ್ಟು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅನ್ನುವುದು ವೈದ್ಯರಿಗೆ ಇರುವ ನಿಯಮ. ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಕೇಸಿನ ದಾಖಲೆ) ಆಗಿತ್ತಾ ಅಂತಲೂ ಕೇಳಿ.

ತಪ್ಪು ಬರೆದಿದ್ದರೆ ಗಾಬರಿ ಬೇಡ. ಬಿಲ್ ಯಾರ ಖಾತೆಯಿಂದ ಹೋಗಿದೆ ನೋಡಿ. ಮನೆಯಲ್ಲಿ ಮೇವು ಕತ್ತರಿಸುವಾಗ ಆದ ಗಾಯಕ್ಕೆ ಮಿಲ್ ಮಾಲೀಕರು ಯಾಕೆ ದುಡ್ಡು ಕಟ್ಟುತ್ತಾರೆ? ಆ ಪಾಳಿಯ ಹಮಾಲರು, ಆ ರಾತ್ರಿ ಬಂದ ಫೋನ್ ಕರೆಗಳು, ಸಂಬಳ ಬಂದ ಫೋನ್‌ಪೇ ದಾಖಲೆ, ಎಲ್ಲ ಜೋಡಿಸಿಡಿ. 14,000 ಸಂಬಳ ಅಂತ ತೋರಿಸುವುದಕ್ಕೂ ಇದೇ ಬೇಕು. ಚೀಲದ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಮಾಲೀಕರು ಸಂಬಳ ಕಡಿಮೆ ಹೇಳುವುದು ಮಾಮೂಲಿ.

"ಅವನು ಗುತ್ತಿಗೆದಾರನ ಆಳು" ಅಂತಲೂ ಹೇಳಬಹುದು. ಹೇಳಲಿ. ಮಿಲ್ಲಿನ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದರೂ ಪರಿಹಾರವನ್ನು ಮಿಲ್ಲಿನಿಂದಲೇ ಕೇಳಬಹುದು. "ಅವನದೇ ಅಜಾಗರೂಕತೆ" ಅನ್ನುವುದೂ ನಡೆಯುವುದಿಲ್ಲ. ಕುಡಿದಿದ್ದ, ಬೇಕಂತಲೇ ಸುರಕ್ಷತಾ ನಿಯಮ ಮುರಿದ, ಇಲ್ಲವೇ ಬೇಕಂತಲೇ ಮಷೀನಿನ ಗಾರ್ಡ್ (ರಕ್ಷಣೆಯ ಮುಚ್ಚಳ) ತೆಗೆದ, ಅದರಿಂದಲೇ ಕೈ ಸಿಕ್ಕಿತು ಅಂತ ಸಾಬೀತು ಮಾಡಿದರೆ ಮಾತ್ರ ಅವರು ತಪ್ಪಿಸಿಕೊಳ್ಳಬಹುದು. ನಾನು ನೋಡಿದ ಹಾಗೆ ಬೆಲ್ಟಿಗೆ ಗಾರ್ಡೇ ಇಲ್ಲದ ಮಿಲ್ಲುಗಳೇ ಜಾಸ್ತಿ.

ಈಗ ಮಾಡಬೇಕಾದ್ದು: ಅಪಘಾತದ ದಿನ, ಜಾಗ, ಗಾಯ, ಸಂಬಳ ಬರೆದು ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪರಿಹಾರದ ಅರ್ಜಿಗೆ ಅಪಘಾತದಿಂದ ಎರಡು ವರ್ಷ ಸಮಯವಿದೆ. ನಮ್ಮ ರಾಜ್ಯದಲ್ಲಿ ಇಂಥ ಅರ್ಜಿಗಳನ್ನು ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ನಡೆಸುತ್ತಾರೆ. ವಕೀಲರ ಫೀಸಿಗೆ ಹೆದರಬೇಡಿ. ಕಾರ್ಖಾನೆ ಕಾರ್ಮಿಕರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಗಂಗಾವತಿ ಕೋರ್ಟಿಗೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಕೇಸ್ ಶೀಟ್, ಬ್ಯಾಂಕ್ ಪಾಸ್‌ಬುಕ್, ಆಧಾರ್ ಜೊತೆಗಿರಲಿ. ಬಾಂಡಿನ ಕರಡು ಕೊಟ್ಟಿದ್ದರೆ ಅದರ ಫೋಟೋ ಕೂಡ ತಗೊಂಡು ಹೋಗಿ.