ಚೌಕಾಬಾರದಲ್ಲಿ ಲೆಕ್ಕ ಬರುತ್ತೆ, ನೋಟ್‌ಬುಕ್ಕಲ್ಲಿ ಬರಲ್ಲ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಅಂತ ಕರೆಯೋಣ. ಏಳೂವರೆ ವರ್ಷ, ಎರಡನೇ ಕ್ಲಾಸು, ಮೈಸೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಬೆಳಿಗ್ಗೆ ಯೂನಿಫಾರ್ಮ್ ಕಂಡರೆ ಸಾಕು, ಹೊಟ್ಟೆನೋವು. ಭಾನುವಾರ ಮಾತ್ರ ಏನೂ ಇಲ್ಲ.

ಅಪ್ಪ-ಅಮ್ಮ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಮಗು ಸಾಮಾನು ಕೈಯಲ್ಲಿ ಹಿಡಿದು ತನ್ನ ವೇಗದಲ್ಲಿ ತಾನೇ ಕಲಿಯೋ ಮಾಂಟೆಸ್ಸರಿ ಶಾಲೆಯೇ ಸರಿ ಅಂತ ಅಮ್ಮ ತೀರ್ಮಾನ ಮಾಡಿಕೊಂಡೇ ಬಂದಿದ್ದರು. "ಮೇಡಂ, ಮಾಂಟೆಸ್ಸರಿಗೆ ಹಾಕಬೇಕು ಅಂತಿದೀನಿ, ಇವರಿಗೆ ನೀವೇ ಒಂದು ಮಾತು ಹೇಳಿ." ಅಪ್ಪ ಸುಮ್ನೆ ಕೂತಿದ್ದರು. ಮೇಜಿನ ಮೇಲೆ ಪುಟ್ಟನ ನೋಟ್‌ಬುಕ್ಕಿತ್ತು. ಪೆನ್ಸಿಲ್ ಎಷ್ಟು ಒತ್ತಿದ್ದ ಅಂದರೆ ಹಾಳೆ ಅಲ್ಲಲ್ಲಿ ಹರಿದಿತ್ತು. 8+3ಕ್ಕೆ 10 ಅಂತ ಬರೆದಿದ್ದ. ಪಕ್ಕದಲ್ಲಿ ಕೆಂಪು ಇಂಕಿನ ದೊಡ್ಡ ಇಂಟು ಮಾರ್ಕು.

ಪುಟ್ಟ ಅಜ್ಜಿಯ ಜೊತೆ ಹೊರಗಿದ್ದ. ಬಾಗಿಲು ತೆರೆದು ನೋಡಿದರೆ ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಚೀಲದಿಂದ ಕವಡೆ ತೆಗೆದು ಆಟ ಶುರು ಮಾಡಿಬಿಟ್ಟಿದ್ದರು. ನಾಲ್ಕೂ ಕವಡೆ ಬೋರಲು ಬಿದ್ದವು, ಅಂದರೆ ಬಾರ, ಎಂಟು. "ಬಾರ! ಅಜ್ಜಿ, ನಂಗೆ ಇನ್ನೊಂದಾಟ ಇದೆ. ಇನ್ನು ಮೂರು ಬಿದ್ರೆ ಹನ್ನೊಂದು, ನಿನ್ನ ಕಾಯಿ ಹೊಡೀತೀನಿ ನೋಡು." ಅದೇ ಎಂಟು, ಅದೇ ಮೂರು! ಅಪ್ಪನನ್ನು ಬಾಗಿಲಿಗೆ ಕರೆದು ತೋರಿಸಿದೆ. ಅವರು ನೋಟ್‌ಬುಕ್ ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು.

ಹಾಗಂತ ಶಾಲೆ ಬದಲಿಸಿ ಅಂತ ಅವತ್ತೇ ಹೇಳಲಿಲ್ಲ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಕಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಓದು-ಬರಹ ಎರಡನ್ನೂ ನೋಡಿಸಿ ಅಂದೆ. ಓದು-ಬರಹದ ತೊಂದರೆ ಇರೋ ಮಗುವನ್ನು ಎಂಥ ಚಂದದ ಶಾಲೆಗೆ ಹಾಕಿದರೂ ತೊಂದರೆ ಅದರ ಹಿಂದೆಯೇ ಹೋಗುತ್ತದೆ. ಪುಟ್ಟನಿಗೆ ಅಂಥದ್ದೇನೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ತಪ್ಪು ಮಾಡಿದವರನ್ನು ಅವನ ಕ್ಲಾಸಲ್ಲಿ ಬೆಂಚ್ ಮೇಲೆ ನಿಲ್ಲಿಸುತ್ತಿದ್ದರು. ಇದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ, ಹೊಡೆಯುವುದಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದೂ ನಿಷಿದ್ಧ ಅಂತ ಹೇಳಿ, ಶಾಲೆಗೆ ಪತ್ರ ಬರೆಸಿದೆ. ಸಂಜೆಯ ಟ್ಯೂಷನ್ ನಿಲ್ಲಿಸಿದೆವು.

ಅಪ್ಪ ಆಮೇಲೆ ಬಾಯಿಬಿಟ್ಟರು. "ಈ ಮಾಂಟೆಸ್ಸರಿ ಎಲ್ಲ ದುಡ್ಡಿದ್ದವರ ಹೊಸ ಶೋಕಿ ಅಲ್ವಾ ಮೇಡಂ?"

ಹೊಸದೇನಲ್ಲ ಸರ್, ಅಂದೆ. ಮರಿಯಾ ಮಾಂಟೆಸ್ಸರಿ ಅನ್ನೋ ಡಾಕ್ಟರು 1907ರಲ್ಲಿ ಇದನ್ನು ಶುರು ಮಾಡಿದ್ದೇ ರೋಮ್ ನಗರದ ಬಡವರ ಬಡಾವಣೆಯಲ್ಲಿ. 1939ರಲ್ಲಿ ಅವರು ಭಾರತಕ್ಕೆ ಬಂದು, ಯುದ್ಧ ಶುರುವಾಗಿ, ವರ್ಷಗಟ್ಟಲೆ ಇಲ್ಲೇ ಉಳಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ಮಾಡಿದ ಪ್ರಯೋಗ ಗೊತ್ತಲ್ವಾ? ಅದೆಲ್ಲ ಬಿಡಿ, ನಿಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ 1995ರಲ್ಲಿ ನಲಿ-ಕಲಿ ಶುರುವಾಗಿದ್ದು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಕಾರ್ಡು ಹಿಡಿದು ತಮ್ಮ ಮೆಟ್ಟಿಲಿನಿಂದ ತಾವೇ ಹತ್ತುತ್ತಾರೆ. ಸರ್ಕಾರಿ ಶಾಲೆ, ಫೀಸೂ ಇಲ್ಲ.

"ನಮ್ಮಣ್ಣನ ಮಗಳು ಊರಲ್ಲಿ ಅದರಲ್ಲೇ ಓದಿದ್ದು," ಅಂದರು. ಆ ಹುಡುಗಿಗೆ ಶಾಲೆ ಅಂದರೆ ಪ್ರಾಣ ಅಂತ ಅಜ್ಜಿ ಸೇರಿಸಿದರು.

ಬೋರ್ಡು ನೋಡಿ ಮೋಸ ಹೋಗಬೇಡಿ ಅಂತಲೂ ಹೇಳಿದೆ. ಮಾಂಟೆಸ್ಸರಿ ಅಂತ ಯಾರು ಬೇಕಾದರೂ ಹೆಸರಿಟ್ಟುಕೊಳ್ಳಬಹುದು. ಅಂಥ ಬೋರ್ಡಿನ ಕೆಳಗೇ ಮೂರು ವರ್ಷದ ಮಕ್ಕಳು ಎಬಿಸಿಡಿ ತಿದ್ದುತ್ತಾ ಕೂತಿರೋದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಬೆಳಿಗ್ಗೆ ಪೂರ್ತಿ ಕ್ಲಾಸಿನ ಮೂಲೆಯಲ್ಲಿ ಕೂತು ನೋಡಿ. ಮಾತಾಡ್ತಿರೋದು ಜಾಸ್ತಿ ಯಾರು, ಟೀಚರಾ, ಮಕ್ಕಳಾ? ಕಪಾಟಿನ ಸಾಮಾನಿಗೆ ಧೂಳು ಹಿಡಿದಿದೆಯಾ? ಹೋದ ವರ್ಷ ಎಷ್ಟು ಟೀಚರ್ ಬಿಟ್ಟು ಹೋದರು? ಕಲಿಯೋದು ನಿಧಾನವಾದ ಮಗುವಿಗೆ ಏನು ಮಾಡ್ತೀರಿ ಅಂತ ಕೇಳಿ. ಮೂರು ಶಾಲೆ ನೋಡಿ ಬಂದರು. ಮೂರನೆಯದು ಒಪ್ಪಿಗೆಯಾಯಿತು.

ಜೂನ್‌ನಲ್ಲಿ ಸೇರಿಸಿದರು. ಮೂರು ವಾರಕ್ಕೆ ಹೊಟ್ಟೆನೋವು ಹೋಯಿತು. ಇದೆಲ್ಲ ಶಾಲೆಯ ಪವಾಡ ಅಂತ ನಾನು ಹೇಳಲ್ಲ. ಟ್ಯೂಷನ್ನೂ ಇರಲಿಲ್ಲ, ಅಪ್ಪ ರಾತ್ರಿ ಬೈಯೋದನ್ನೂ ಬಿಟ್ಟಿದ್ದರು. ಆದರೆ ಅಲ್ಲಿ ಲೆಕ್ಕ ಮಾಡೋದು ಮಣಿ ಜೋಡಿಸಿ, ತಪ್ಪಾದರೆ ಮಣಿ ಉಳಿಯುತ್ತದೆ ಇಲ್ಲ ಸಾಲದೆ ಬರುತ್ತದೆ, ಮಗು ತಾನೇ ಕಂಡುಕೊಂಡು ಮತ್ತೆ ಜೋಡಿಸುತ್ತದೆ. ಎಲ್ಲರೆದುರು ಕೆಂಪು ಇಂಕು ಇಲ್ಲ. ಪುಟ್ಟನಿಗೆ ಬೇಕಿದ್ದದ್ದು ಅದೇ. ಈಗ ಚಿಕ್ಕ ಮಕ್ಕಳಿಗೆ ಶೂ ಲೇಸ್ ಕಟ್ಟೋದನ್ನು ಇವನೇ ಹೇಳಿಕೊಡುತ್ತಾನಂತೆ.

ಕಷ್ಟಗಳೂ ಇವೆ. ಫೀಸು ಮೊದಲಿನದಕ್ಕಿಂತ ಜಾಸ್ತಿ, ವ್ಯಾನಿನಲ್ಲಿ ಮುಕ್ಕಾಲು ಗಂಟೆ. ಏಳನೇ ಕ್ಲಾಸಿಗೆ ಆ ಶಾಲೆ ಮುಗಿಯುತ್ತದೆ, ಆಮೇಲೆ ಪರೀಕ್ಷೆ-ಮಾರ್ಕ್ಸಿನ ಶಾಲೆಗೆ ಹೊಂದಿಕೊಳ್ಳಬೇಕು. ಅದಕ್ಕೆ ಒಂದು ವರ್ಷ ಮೊದಲೇ ತಯಾರಿ ಶುರು ಮಾಡಿ ಅಂದಿದ್ದೇನೆ. ಸ್ಪೆಲಿಂಗ್ ಇನ್ನೂ ತಪ್ಪುತ್ತದೆ. ದಸರಾ ರಜೆಯಲ್ಲಿ ಅಪ್ಪ ಗಾಬರಿಯಿಂದ ಫೋನ್ ಮಾಡಿದ್ದರು. "ನಮ್ಮ ತಂಗಿ ಮಗ ಮಗ್ಗಿ ಹದಿನೈದರವರೆಗೂ ಹೇಳ್ತಾನೆ, ಇವನಿಗೆ ಐದೂ ಬರಲ್ಲ, ಟ್ಯೂಷನ್ ಹಾಕ್ಲಾ?" ಬೇಡ ಸರ್, ಮಾರ್ಚ್‌ವರೆಗೆ ತಡ್ಕೊಳ್ಳಿ, ರಾತ್ರಿ ಒಂದು ಆಟ ಚೌಕಾಬಾರ ಆಡಿ ಅಂದೆ.

ಮೊನ್ನೆ ಪುಟ್ಟನೇ ಬಂದಿದ್ದ. ಸಾವಿರ ಮಣಿಯ ಸರ ಎಣಿಸಿದನಂತೆ. "ಹಾಸಿದ್ರೆ ಬಾಗಿಲು ದಾಟಿ ಆಚೆ ಹೋಗತ್ತೆ ಆಂಟಿ. ಊಟದ ಬೆಲ್ ಆಯ್ತು, ಆದ್ರೂ ಯಾರೂ ತೆಗೀಲಿಲ್ಲ. ನಾಳೆ ಮುಗಿಸು ಅಂದ್ರು."