ತೈಪೆ 101ರ ಲಿಫ್ಟ್: ಅಮ್ಮನಿಗೆ ಭಯ ಬೇಡ

ತೈವಾನ್‌ನ ಗಗನಚುಂಬಿ ಕಟ್ಟಡ ತೈಪೆ 101ಕ್ಕೆ ಅಮ್ಮನನ್ನು ಕರೆದುಕೊಂಡು ಹೋಗ್ತಿದ್ದೀರಿ, ಹಗ್ಗ ತುಂಡಾದರೆ ಏನು ಗತಿ, ಇಳಿಯುವಾಗ ಲಿಫ್ಟ್ ಯಾಕೆ ನಿಧಾನ ಅಂತ ಕೇಳಿದ್ದೀರಿ ಅಲ್ವಾ?

ಮೊದಲು ಹಗ್ಗದ ವಿಷಯ. ಅಲ್ಲಿರುವುದು ಒಂದೇ ಹಗ್ಗವಲ್ಲ, ಹಲವು ಉಕ್ಕಿನ ಹಗ್ಗಗಳು. ಹಾಗಿದ್ದೂ ಲಿಫ್ಟ್ ಮಿತಿ ಮೀರಿ ಓಡಿದರೆ ಗವರ್ನರ್ ಎನ್ನುವ ಸಾಧನ ಅದನ್ನು ಹಿಡಿದು ಪೆಟ್ಟಿಗೆಯ ಬ್ರೇಕ್‌ಗಳನ್ನು ಎಳೆಯುತ್ತದೆ, ಅವು ಎರಡೂ ಬದಿಯ ಕಂಬಿಗಳನ್ನು ಗಟ್ಟಿಯಾಗಿ ಕಚ್ಚಿ ನಿಲ್ಲಿಸುತ್ತವೆ. ಇದಕ್ಕೆ ಕರೆಂಟೂ ಬೇಡ. 1854ರಲ್ಲೇ ಲಿಫ್ಟ್ ತಯಾರಕ ಎಲೈಷಾ ಓಟಿಸ್ ನ್ಯೂಯಾರ್ಕ್‌ನಲ್ಲಿ ತಾನು ನಿಂತಿದ್ದ ಲಿಫ್ಟ್‌ನ ಹಗ್ಗ ಕಡಿಸಿ ಇಂಥ ಬ್ರೇಕ್ ತೋರಿಸಿದ್ದ. ಅಮ್ಮನಿಗೆ ಇದನ್ನು ಖಂಡಿತ ಹೇಳಿ.

ಇನ್ನು ವೇಗ. ಹತ್ತುವಾಗ ನಿಮಿಷಕ್ಕೆ 1,010 ಮೀಟರ್, 5ನೇ ಮಹಡಿಯಿಂದ 89ಕ್ಕೆ ಬರೀ 37 ಸೆಕೆಂಡ್. ಇಳಿಯುವಾಗ 600 ಮೀಟರ್ ಅಷ್ಟೇ. ಮೋಟರಿಗೆ ಆಗಲ್ಲ ಅಂತಲ್ಲ, ಇನ್ನೊಂದು ತುದಿಯಲ್ಲಿ ಸಮತೂಕದ ಭಾರ ಇರುವುದರಿಂದ ಅದು ಪೂರ್ತಿ ತೂಕ ಎಳೆಯಬೇಕಾಗಿಯೇ ಇಲ್ಲ. ತೊಂದರೆ ನಮ್ಮ ಕಿವಿಯದು. ಮೇಲೆ ಹೋದಾಗ ಕಿವಿಯೊಳಗಿನ ಗಾಳಿ ತಾನಾಗಿ ಗಂಟಲಿನ ಕಡೆ ಹೊರಬರುತ್ತದೆ, ಇಳಿಯುವಾಗ ಹೊರಗಿನ ಒತ್ತಡ ಜಾಸ್ತಿಯಾಗಿ ಆ ದಾರಿ ಮುಚ್ಚಿಕೊಳ್ಳುತ್ತದೆ, ನುಂಗಿದರೆ ಮಾತ್ರ ತೆರೆಯುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅದೇ. ತೈಪೆ 101ರ ಲಿಫ್ಟ್‌ನೊಳಗಿನ ಗಾಳಿಯ ಒತ್ತಡವನ್ನೂ ಹದವಾಗಿ ಬದಲಿಸುವ ಏರ್ಪಾಡಿದೆ.

ಅಮ್ಮನಿಗೆ ಶೀತ ಇದ್ದರೆ ಮಾತ್ರ ಆ ದಿನ ಬೇಡ, ಕಿವಿ ನೋಯಬಹುದು. ಇಲ್ಲದಿದ್ದರೆ ಬಾಯಲ್ಲೊಂದು ಪೆಪ್ಪರ್‌ಮಿಂಟ್ ಇಟ್ಟುಕೊಂಡು ಆರಾಮಾಗಿ ಹೋಗಿಬನ್ನಿ.