ಟಿವಿಯಲ್ಲಿ ಅನಿಮೆಗೆ ಇನ್ನೂ ಜಾಗವಿದೆಯೇ?

ಪ್ರಶ್ನೆ: ಅನಿಮೆ, ಅಂದರೆ ಜಪಾನಿನ ಅನಿಮೇಷನ್, ಎಲ್ಲ ಈಗ ಸ್ಟ್ರೀಮಿಂಗ್‌ನಲ್ಲೇ ಸಿಗುತ್ತದೆ. ಆದರೂ ಜಪಾನಿನ ಚಾನೆಲ್‌ಗಳು ಅದನ್ನು ನಡುರಾತ್ರಿ ಯಾಕೆ ಹಾಕುತ್ತವೆ? ಟಿವಿಯಲ್ಲಿ ಹೊಡೆದಾಟದ ದೃಶ್ಯಗಳು ಮಂಕಾಗುವುದೇಕೆ?

ಉತ್ತರ: ಜಾಗ ಇದೆ, ಹೊತ್ತು ಬದಲಾಗಿದೆ. ಸಂಜೆಗೆ ಉಳಿದಿರುವುದು 1969ರಿಂದ ಭಾನುವಾರ ಬರುತ್ತಿರುವ ‘ಸಜಾಎ-ಸಾನ್’ನಂಥ ಕೆಲವೇ. ಮಿಕ್ಕವು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ. ವೇಳಾಪಟ್ಟಿಯಲ್ಲಿ ರಾತ್ರಿ 1.30ನ್ನು ಹಿಂದಿನ ದಿನದ ಲೆಕ್ಕಕ್ಕೇ ಸೇರಿಸಿ 25.30 ಎಂದು ಬರೆಯುವ ರೂಢಿ. ಹೊಸಬರು ದಿನ ತಪ್ಪುವುದು ಇಲ್ಲೇ. ಈ ಸ್ಲಾಟ್‌ಗೆ ಸಾಮಾನ್ಯವಾಗಿ ನಿರ್ಮಾಣ ಸಮಿತಿಯೇ ದುಡ್ಡು ಕೊಡುತ್ತದೆ. ಪ್ರಕಾಶಕರು, ಸಂಗೀತ ಕಂಪನಿ, ಆಟಿಕೆಯವರು ಸೇರಿದ ಕೂಟವದು. ಅವರ ಲೆಕ್ಕದಲ್ಲಿ 30 ನಿಮಿಷದ ಪ್ರಸಾರವೇ ಒಂದು ಜಾಹೀರಾತು, ಶುರುವಿನ 90 ಸೆಕೆಂಡಿನ ಹಾಡೂ ಸೇರಿ.

ಮಂಕಿಗೆ ಕಾರಣ ಬೇರೆ. 1997ರ ಡಿಸೆಂಬರ್‌ನಲ್ಲಿ ಪೊಕೆಮಾನ್‌ನ ಒಂದು ಕಂತಿನ ಕೆಂಪು-ನೀಲಿ ಮಿಂಚಾಟ ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ಆಮೇಲೆ ಬಂದ ಮಾರ್ಗಸೂಚಿಯಂತೆ ತೀವ್ರ ಬೆಳಕು ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಮಿನುಗಬಾರದು. ಮೀರಿದ ಕಡೆ ಹೊಳಪು ತಗ್ಗಿಸುತ್ತಾರೆ, ಇಲ್ಲವೇ ಅಕ್ಕಪಕ್ಕದ ಫ್ರೇಮ್‌ಗಳನ್ನು ಬೆರೆಸುತ್ತಾರೆ. ಬೀಸಿದ ಕತ್ತಿ ಎರಡಾಗಿ ಕಾಣುವುದು ಹಾಗೆ. ಮಾರಾಟಕ್ಕೆ ಬರುವ ಬ್ಲೂ-ರೇ ಡಿಸ್ಕ್‌ನಲ್ಲಿ ಈ ಮಂಕನ್ನು ಎಷ್ಟೋ ಸಲ ತೆಗೆದಿರುತ್ತಾರೆ. ಸ್ಟ್ರೀಮಿಂಗ್‌ಗೆ ಟಿವಿಗೆಂದು ಸಿದ್ಧಪಡಿಸಿದ ಮೂಲ ಪ್ರತಿಯೇ (ಮಾಸ್ಟರ್) ಹೋಗಿದ್ದರೆ ಅಲ್ಲೂ ಮಂಕೇ.